ಅಮ್ಮಿಯ ರಾಗ, ಕಸದ ಗಾಡಿ

ನಮ್ಮ ಬೀದಿಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂವರೆಗೆ. ರಾಮನಗರದ ಈ ಬಾಡಿಗೆ ಮನೆಗೆ ಬಂದ ಮೇಲೆ ನನಗೆ ಗಡಿಯಾರ ನೋಡುವ ಅಭ್ಯಾಸ ತಪ್ಪಿದೆ. ಮೈಕಿನಲ್ಲಿ ಹಾಡು ಕೇಳಿಸಿದರೆ ಹಾರೋಹಳ್ಳಿ ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ ಎಂದು ಅರ್ಥ. 'ಹಸಿಯದು ಹಸಿರು ಬಕೆಟ್ಟಿಗೆ, ಒಣದು ನೀಲಿಗೆ, ಬೇರೆ ಮಾಡಿ ಅಕ್ಕಾ, ಬೇರೆ ಮಾಡಿ.' ಪಕ್ಕದ ಮನೆಯವರು ಬಕೆಟ್ ಹಿಡಿದು ಹೊರಡುವಾಗ ಅದನ್ನೇ ಗುನುಗುತ್ತಾರೆ. ನಾನು ಆ ಹೊತ್ತಿಗೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿಕೊಂಡು ನಿಲ್ಲುತ್ತೇನೆ. ಕಸ ಹಾಕುವ ಕೆಲಸ ಹೆಂಡತಿಯ ಪಾಲಿಗೆ ಬಿದ್ದಿದೆ. ಅವಳು ಇದನ್ನು ನನ್ನ ಸೋಮಾರಿತನ ಅಂದುಕೊಂಡಿದ್ದಾಳೆ. ಹಾಗೇ ಅಂದುಕೊಂಡಿರಲಿ ಎಂದು ನಾನೂ ಸುಮ್ಮನಿದ್ದೇನೆ.

ನಿಮಗೆ ಹೇಳಬಹುದು. ಆ ರಾಗ ಕಸಕ್ಕೆಂದು ಹುಟ್ಟಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಚನ್ನಪಟ್ಟಣದಲ್ಲಿ ನಾವು ನಾಲ್ವರು ಸೇರಿ ಒಂದು ಗಾಥಿಕ್ ರಾಕ್ ಬ್ಯಾಂಡ್ ಕಟ್ಟಿದ್ದೆವು. ಗಾಥಿಕ್ ಎಂದರೆ ಸಾವು, ಪಾಳುಮನೆ, ಕತ್ತಲೆ ಇವನ್ನೇ ಹಾಡುವ, ಕಪ್ಪು ಬಟ್ಟೆ ತೊಟ್ಟು ಕಣ್ಣಿಗೆ ದಪ್ಪಗೆ ಕಾಡಿಗೆ ಬಳಿದುಕೊಳ್ಳುವ ಪರದೇಶದ ಸಂಗೀತ. ಗಿಟಾರ್ ನುಡಿಸುತ್ತಿದ್ದ ಲೋಕೇಶ ಬೆಂಗಳೂರಿನಿಂದ ಅಂಥದೊಂದು ಕ್ಯಾಸೆಟ್ ತಂದಿದ್ದ. ದೊಡ್ಡಮಳೂರಿನ ರೈತರ ಮನೆಯ ಹುಡುಗ. ಕ್ಯಾಸೆಟ್ಟಿನ ಒಂದು ಪದವೂ ನಮಗೆ ಅರ್ಥವಾಗಲಿಲ್ಲ. ಆದರೆ ಆ ವಯಸ್ಸಿನಲ್ಲಿ ದುಃಖಿಯಾಗಿ ಕಾಣಿಸಿಕೊಳ್ಳಲು ಅರ್ಥ ಯಾಕೆ ಬೇಕು? ಬ್ಯಾಂಡಿಗೆ 'ಕಾಡಿಗೆ' ಎಂದು ಹೆಸರಿಟ್ಟೆವು. ಊರಿನವರು ಕಂಡಾಗಲೆಲ್ಲ "ಯಾವ ಕಾಡಿಗ್ರಪ್ಪಾ? ಯಾವಾಗ ಹೊರ್ಡೋದು?" ಎಂದು ಕೇಳುತ್ತಿದ್ದರು.

ಹಾಡುತ್ತಿದ್ದವನು ಇಮ್ರಾನ್. ಡ್ರಮ್ಸ್ ಬಾರಿಸುತ್ತಿದ್ದವನು ಪುಟ್ಟರಾಜು. ಬಾಸ್ ಗಿಟಾರ್ ನನ್ನದು. ಬಾಸ್ ನುಡಿಸುವವನು ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೋಕೇಶ ನನಗೆ ಅದನ್ನು ಕೊಟ್ಟಿದ್ದ. ಹಾಡಿನ ಪದ ಬರೆಯುವ ಕೆಲಸವೂ ನನ್ನದೇ ಆಗಿತ್ತು. ಅದರಲ್ಲಿ ಮಾತ್ರ ನನಗೆ ಸ್ವಲ್ಪ ಜಂಬವಿತ್ತು.

ಇಮ್ರಾನನ ಮನೆಯವರು ರೇಷ್ಮೆ ನೂಲು ತೆಗೆಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸುತ್ತಿದ್ದರು. ಶೆಡ್ಡಿನ ಮೇಲಿನ ಅಟ್ಟ ನಮ್ಮ ಅಭ್ಯಾಸದ ಕೋಣೆ. ಕೆಳಗಿನಿಂದ ಬೆಂದ ಹುಳುಗಳ ವಾಸನೆ ಹಬೆಯ ಜೊತೆ ಮೇಲೇರಿ ಬಂದು ಬಟ್ಟೆಗೆ, ತಲೆಗೂದಲಿಗೆ ಅಂಟುತ್ತಿತ್ತು. ಕ್ಯಾಸೆಟ್ಟಿನವರು ಸಾವನ್ನು ಹುಡುಕಿಕೊಂಡು ಪಾಳು ಕೋಟೆಗೆ ಹೋಗುತ್ತಿದ್ದರೇನೋ. ನಮಗೆ ಅದು ದಿನವೂ ಕಾಲ ಕೆಳಗೆ ಕುದಿಯುತ್ತಿತ್ತು.

ಇಮ್ರಾನನ ತಾಯಿಯನ್ನು ನಾವೆಲ್ಲ ಅಮ್ಮಿ ಎಂದೇ ಕರೆಯುತ್ತಿದ್ದೆವು. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ಹುಡುಕಿ ಎತ್ತಿಕೊಡುವುದು ಅವರ ಕೆಲಸ. ಬೆರಳ ತುದಿಗಳು ಬೆಳ್ಳಗೆ ನೆನೆದು ಸುಲಿದಿರುತ್ತಿದ್ದವು. ಕೆಲಸ ಮಾಡುವಾಗ ಅವರು ಒಂದು ರಾಗವನ್ನು ಗುನುಗುತ್ತಿದ್ದರು. ಮೂರು ಸ್ವರ ಏರಿ, ಒಂದು ಕಡೆ ನಿಂತು, ಮತ್ತೆ ನಿಧಾನಕ್ಕೆ ಇಳಿಯುವ ರಾಗ. ಅದು ಯಾವ ಹಾಡು ಎಂದು ನಾನೊಮ್ಮೆ ಕೇಳಿದೆ.

"ಹಾಡಲ್ಲಪ್ಪ ಅದು. ಕೈ ಸುಡೋದು ಗೊತ್ತಾಗ್ದೆ ಇರ್ಲಿ ಅಂತ" ಎಂದರು.

ಮರು ವರ್ಷ ಅಮ್ಮಿ ತೀರಿಕೊಂಡರು. ಹೊಗೆಗೂ ಹಬೆಗೂ ಎದೆ ಎಂದೋ ಸೋತಿತ್ತು. ಅವರ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಇಮ್ರಾನ್ ಅಟ್ಟಕ್ಕೆ ಬಂದು ಆ ರಾಗವನ್ನು ಹಾಡಿ, "ಇದ್ಕೆ ನೀನು ಪದ ಹಾಕು ಕಣ್ಲಾ" ಎಂದ. ಗೂಡಿನೊಳಗಿನ ಹುಳವೇ ಹೇಳಿದ ಹಾಗೆ ಬರೆದೆ. 'ನನ್ನ ಮನೆ ಬಿಚ್ಚಿ ನೂಲು ತೆಗೆದರು, ನಾನು ಒಳಗೇ ಇದ್ದೆ.' ಆ ಶೆಡ್ಡಿನಲ್ಲೇ ಬೆಳೆದ ಇಮ್ರಾನನಿಗೂ ಉಸಿರು ಕಡಿಮೆ. ಅದಕ್ಕೇ ಮೂರನೆಯ ಪದವಾದ ಮೇಲೆ ಅವನು ಉಸಿರೆಳೆದುಕೊಳ್ಳಲು ಒಂದಿಷ್ಟು ಜಾಗ ಬಿಡುತ್ತಿದ್ದೆ. ಅಮ್ಮಿಯ ರಾಗ ನಿಲ್ಲುತ್ತಿದ್ದದ್ದೂ ಅಲ್ಲೇ.

ಆ ಹಾಡನ್ನು ಕನಕಪುರದ ಒಂದು ಕಾಲೇಜು ದಿನಾಚರಣೆಯಲ್ಲಿ ಹಾಡಿದೆವು. ಕಾಡಿಗೆ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ನಾಟಕದ ದೆವ್ವಗಳು ಬಂದವೆಂದು ಮುಂದಿನ ಸಾಲಿನವರು ನಗುತ್ತಿದ್ದರು. ಇಮ್ರಾನ್ ಬಾಯಿ ತೆಗೆದ ಮೇಲೆ ನಗು ನಿಂತಿತು. ಮುಗಿದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂದು ಅವರಿಗೆ ಹೊಳೆಯಲಿಲ್ಲ ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಅಷ್ಟೇ.

ಆಮೇಲೆ ಎಲ್ಲ ಬ್ಯಾಂಡುಗಳ ಹಾಗೆ ನಮ್ಮದೂ ಮುಗಿಯಿತು. ಜಗಳವೇನೂ ಆಗಲಿಲ್ಲ, ಬೇರೆ ಬೇರೆ ಕಡೆ ಕೆಲಸ ಸಿಕ್ಕಿತು ಅಷ್ಟೆ. ಮೊನ್ನೆ ಬಸ್ಸಿನಲ್ಲಿ ಕೂತು, ಆ ಕ್ಯಾಸೆಟ್ಟಿನ ಬ್ಯಾಂಡಿನವರು ಈಗೇನು ಮಾಡುತ್ತಿದ್ದಾರೆಂದು ಫೋನಿನಲ್ಲಿ ಹುಡುಕಿದೆ. ಒಬ್ಬ ಸಿನಿಮಾಗಳಿಗೆ ಸಂಗೀತ ಕೊಡುತ್ತಾನಂತೆ. ಒಬ್ಬ ಚಿತ್ರ ಬರೆಯುತ್ತಾನೆ. ಇನ್ನೊಬ್ಬನಿಗೆ ಮೂರು ಬೇರೆ ಬ್ಯಾಂಡುಗಳಿವೆ, ಅವಕ್ಕೆ 'ಸೈಡ್ ಪ್ರಾಜೆಕ್ಟ್' ಎನ್ನುತ್ತಾರೆ. ನಮ್ಮಲ್ಲಿ ಪುಟ್ಟರಾಜು ಮದುವೆ ಮೆರವಣಿಗೆಗಳ ಡ್ರಮ್ ಸೆಟ್ಟಿನವನಾದ. ಇಮ್ರಾನನ ಮನೆಯವರು ಶೆಡ್ಡು ಮುಚ್ಚಿದರು. ಅವನು ಮಾವನ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಲೇತ್ ಮುಂದೆ ಕೂತ. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಲೋಕೇಶ ಮಾತ್ರ ಸಂಗೀತದಲ್ಲೇ ಉಳಿದ. ರಾಮನಗರದಲ್ಲಿ ಮೊಬೈಲ್ ಅಂಗಡಿಯೊಂದರ ಮೇಲೆ ಸ್ಟುಡಿಯೋ ಮಾಡಿಕೊಂಡು ಭಕ್ತಿಗೀತೆ, ಚುನಾವಣೆಯ ಹಾಡು, ಸೈಟು ಮಾರುವವರ ಜಾಹೀರಾತು ಎಲ್ಲವನ್ನೂ ಮಾಡುತ್ತಾನೆ.

ಎರಡು ವರ್ಷದ ಹಿಂದೆ ಅವನ ಫೋನ್ ಬಂತು. "ಕಸದ ಗಾಡಿಗೆ ಒಂದು ಹಾಡು ಬೇಕಂತೆ ಕಣ್ಲಾ. ಟ್ಯೂನ್ ರೆಡಿ ಐತೆ. ನಾಲ್ಕು ಸಾಲು ಬರ್ಕೊಡು" ಎಂದವನೇ ಕೀಬೋರ್ಡಿನಲ್ಲಿ ನುಡಿಸಿ ಕೇಳಿಸಿದ. ಮೂರನೆಯ ಸ್ವರಕ್ಕೆ ಗುರುತು ಹತ್ತಿತು. ವೇಗ ಹೆಚ್ಚಿಸಿದ್ದ, ಹಿಂದೆ ತಾಳ ಸೇರಿಸಿದ್ದ. ಆದರೂ ಅದು ಅಮ್ಮಿಯ ರಾಗ.

"ಇದು ಇಮ್ರಾನಂದಲ್ವಾ?" ಎಂದೆ.

"ಅವನೆಲ್ಲಿ ಹಾಡ್ತಾನೆ ಈಗ? ಸುಮ್ನೆ ಕೊಳೀತಾ ಬಿದ್ದಿತ್ತು. ನೀನು ಬರೀತೀಯೋ, ಇಲ್ವೋ?"

ಬರೆಯುವುದಿಲ್ಲ ಎನ್ನಬೇಕಿತ್ತು. ನನ್ನ ಕಡೆಯಿಂದ ನೆಪ ಏನೆಂದರೆ, ಒಂದು ಸಾಲು ಬರೆದುಕೊಡು ಎಂದು ವರ್ಷಗಳಿಂದ ನನ್ನನ್ನು ಯಾರೂ ಕೇಳಿರಲಿಲ್ಲ. ಊಟದ ವಿರಾಮದಲ್ಲಿ ಸ್ಟೋರ್ಸಿನ ಚೀಟಿಯ ಹಿಂದೆ ಬರೆದು, ಫೋಟೋ ತೆಗೆದು ಕಳಿಸಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಬರೆಯುವಾಗ ಖುಷಿಯಾಗಿತ್ತು.

ಇಮ್ರಾನನಿಗೆ ಹೇಳಲಿಲ್ಲ. ಚನ್ನಪಟ್ಟಣದಲ್ಲೂ ಅದೇ ಹಾಡಿನ ಗಾಡಿಗಳು ಓಡತೊಡಗಿದ ಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟೆ. ಕಳೆದ ಬೇಸಿಗೆಯಲ್ಲಿ ಸಂಬಂಧಿಕರ ಮಗುವಿಗೆ ಆಟದ ಗಾಡಿ ಬೇಕಾಗಿ, ಎಷ್ಟು ದಿನ ತಪ್ಪಿಸಿಕೊಳ್ಳುವುದು ಎಂದು ಅವನ ಕಾರ್ಖಾನೆಗೇ ಹೋದೆ. ಲೇತಿನಲ್ಲಿ ತಿರುಗುತ್ತಿದ್ದ ಮರದ ತುಂಡಿಗೆ ಇಮ್ರಾನ್ ಅರಗಿನ ಕಡ್ಡಿ ಹಿಡಿದು ಬಣ್ಣ ಏರಿಸುತ್ತಿದ್ದ. ಹಿಂದಿನ ಹಲಗೆಯ ಮೇಲೆ, ಕಣ್ಣಿಗೆ ದಪ್ಪ ಕಾಡಿಗೆ ಬರೆದ ಕಪ್ಪು ಗೊಂಬೆಗಳು ಏಳೆಂಟು ನಿಂತಿದ್ದವು.

"ನನ್ ಖುಷಿಗೆ ಮಾಡಿದ್ದು. ಮಕ್ಕಳು ಹೆದ್ರುತಾವೆ, ಯಾರೂ ತಗೊಳಲ್ಲ" ಎಂದ. ಲೇತ್ ನಿಲ್ಲಿಸಿದ. "ಕಸದ ಹಾಡು ಬರ್ದಿದ್ದು ನೀನೇ ಅಲ್ವೇನ್ಲಾ?"

"ಯಾರು ಹೇಳಿದ್ದು?"

"ಯಾಕೆ ಹೇಳ್ಬೇಕು? ಮೂರು ಪದ ಆದ್ಮೇಲೆ ಉಸಿರಿಗೆ ಜಾಗ ಬುಟ್ಟಿದೀಯ. ಹಂಗೆ ಬರ್ಯೋನು ಇನ್ಯಾರವ್ನೆ?"

ಅವನು ಬೈದಿದ್ದರೆ ಉತ್ತರ ಸಿದ್ಧವಾಗಿತ್ತು. ಬೈಯಲಿಲ್ಲ. ಕೈಗಂಟಿದ ಅರಗನ್ನು ಉಗುರಿನಿಂದ ಕೆರೆಯುತ್ತ ಹೇಳಿದ. "ನನ್ ಮಗಳು ದಿನಾ ಹಾಡ್ತಾಳೆ ಅದ್ನ. ಇದು ನಿನ್ ದಾದಿದು, ನಮ್ ಅಮ್ಮಿದು ಕಣಮ್ಮ ಅಂತ ಹೇಳಾಣ ಅಂತಿದ್ದೆ. ಹೆಂಗೆ ಹೇಳ್ಲಿ? ಅಮ್ಮಿದು ಅಂತ ನಂತಾವ ಇದ್ದಿದ್ದು ಅದೊಂದೇ. ಈಗ ನಾನು ಒಬ್ನೇ ಕುಂತು ಗುನುಗಿದ್ರೂ ನಿನ್ ಬಕೆಟ್ಟೇ ಬತ್ತದೆ ಬಾಯಿಗೆ. ಅಮ್ಮಿ ಬರಲ್ಲ."

ಗಾಡಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ. ನಾನು ಕ್ಷಮಿಸು ಎಂಬ ಮಾತನ್ನು ಬಸ್ ಹತ್ತಿದ ಮೇಲೆ ಹುಡುಕಿಕೊಂಡೆ.

ಲೋಕೇಶನಿಗೆ ಫೋನ್ ಮಾಡಿ ರಾಗ ಬದಲಿಸು ಎಂದೆ. "ಮಾಗಡಿ ಕಡೆಯೋರೂ ಅದೇ ಬೇಕು ಅಂತಾವ್ರೆ. ಒಂದು ಟ್ಯೂನಿಗೆ ಇಷ್ಟ್ಯಾಕ್ಲಾ ಒದ್ದಾಡ್ತೀಯ" ಎಂದು ನಕ್ಕ. ಹೋದ ತಿಂಗಳು ಅವನೇ ಫೋನ್ ಮಾಡಿ, ಯಾವುದೋ ಲೇಔಟಿಗೆ ನಾಲ್ಕು ಸಾಲು ಬೇಕೆಂದ. ಬರೆಯುವುದಿಲ್ಲ ಎಂದೆ. ಜಗಳಕ್ಕೆ ಸಿದ್ಧನಾಗಿದ್ದೆ.

"ಆಯ್ತು ಬುಡು. ಈಗ ಮೊಬೈಲೇ ಬರ್ಕೊಡ್ತದೆ. ಹಳೇ ಸ್ನೇಹಿತ ಅಂತ ನಿನ್ನ ಕೇಳ್ದೆ" ಎಂದು ಫೋನ್ ಇಟ್ಟ.

ಆದರೂ ಒಲ್ಲೆನೆಂದಿದ್ದನ್ನು ಇಮ್ರಾನನಿಗೆ ಹೇಳಬೇಕೆನ್ನಿಸಿತು. ಕ್ಷಮೆ ಕೇಳಿ, ಅದನ್ನೂ ಹೇಳಿಬಿಟ್ಟರೆ ಅವನು ಹಳೆಯ ಹಾಗೆ ಒಂದು ಬೈಗುಳ ಬೈದಾನು ಎಂಬ ಆಸೆ. ನಿನ್ನೆ ಭಾನುವಾರ ರೈಲು ಹತ್ತಿ ಹೋದೆ. ಕಾರ್ಖಾನೆಯ ಮುಂದಿನ ಅಂಗಡಿಯಲ್ಲಿ ಬೆಂಗಳೂರಿನಿಂದ ಬಂದ ಯಾರೋ ಇಬ್ಬರು ಗೊಂಬೆ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ಇಮ್ರಾನ್ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಎದ್ದು ಒಂದು ಸ್ಟೂಲನ್ನು ಬಟ್ಟೆಯಿಂದ ಒರೆಸಿ ನನ್ನ ಮುಂದಿಟ್ಟ.

"ಬನ್ನಿ, ಕೂತ್ಕೊಳಿ" ಎಂದ. "ಏನ್ ಕೊಡ್ಲಿ ನಿಮ್ಗೆ?"