ಅವರಿಗೆ ಗೊತ್ತಿಲ್ಲವಂತೆ

ಗುಲಾಬಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿದವಳು ನಾನು — ಅವಳ ಪಕ್ಕದಲ್ಲೇ ಕುಳಿತು, ತುಂಬಿದ ಸಭೆಯಲ್ಲಿ, ಇಂಗ್ಲಿಷಿನಲ್ಲಿ. ಅರ್ಥವಾಗದೆ ಹೇಳಿದ್ದಲ್ಲ, ಅವಸರದಲ್ಲಿ ಬಾಯಿ ತಪ್ಪಿದ್ದೂ ಅಲ್ಲ. ಹೊಟ್ಟೆಕಿಚ್ಚಿನಿಂದ ಹೇಳಿದೆ. ಐದು ವರ್ಷವಾಯಿತು, ಇಷ್ಟು ನೇರವಾಗಿ ನನಗೆ ನಾನೇ ಇದನ್ನು ಒಪ್ಪಿಕೊಂಡದ್ದು ಮೊನ್ನೆ ಮೊನ್ನೆ.

ನಾವಿಬ್ಬರೂ ಕೆಮ್ಮಣ್ಣಿನವರು. ನಮ್ಮ ಮನೆ ಇಗರ್ಜಿಯ ಹಿಂದೆ, ಅವಳದು ಹೊಳೆಯ ದಡದಲ್ಲಿ. ಮನೆಯೊಳಗೆ ನಮ್ಮದು ಕೊಂಕಣಿ, ಅವರದು ತುಳು. ಹೊಳೆಗಿಳಿದರೆ ಇಬ್ಬರದೂ ತುಳುವೇ. ನೀರು ಇಳಿದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಿದ್ದೆವು — ಚಿಪ್ಪಿನೊಳಗಿನ ಆ ಪುಟ್ಟ ಜೀವ, ಅದರ ಸುಕ್ಕ ಆದ ದಿನ ನಮ್ಮ ಕಡೆ ಒಂದು ತುತ್ತು ಹೆಚ್ಚೇ ಇಳಿಯುತ್ತದೆ. ಮರುವಾಯಿಯನ್ನು ಹುಡುಕುವುದು ಕಣ್ಣಿನಿಂದಲ್ಲ, ಕಾಲಿನಿಂದ. ಕೆಸರಿನಲ್ಲಿ ಹೆಬ್ಬೆರಳು ಆಡಿಸುತ್ತ ಹೋಗಬೇಕು. ನನ್ನ ಕಾಲಿಗೆ ಕಲ್ಲು ತಾಗುತ್ತಿತ್ತು, ಅವಳ ಕಾಲಿಗೆ ಮರುವಾಯಿ. ನಾನು ಅರ್ಧ ತೆಂಗಿನ ಗೆರಟೆ ತುಂಬಿಸುವಷ್ಟರಲ್ಲಿ ಅವಳ ಬುಟ್ಟಿ ತುಂಬಿ, ಅದರಿಂದ ಸಣ್ಣವನ್ನೆಲ್ಲ ಆರಿಸಿ ವಾಪಸು ನೀರಿಗೆ ಬಿಡುವಷ್ಟು ಪುರುಸೊತ್ತೂ ಅವಳಿಗೆ ಇರುತ್ತಿತ್ತು. "ಅವಳನ್ನು ನೋಡಿ ಕಲಿ" ಎನ್ನುತ್ತಿದ್ದರು ನನ್ನ ಅಮ್ಮ. ಈ ಮಾತು ಕೇಳಿ ಕೇಳಿ ನನ್ನ ಕಿವಿ ಕಾದು ಹೋಗಿತ್ತು.

ಎಂಟನೇ ತರಗತಿಗೆ ಅವಳು ಶಾಲೆ ಬಿಟ್ಟಳು. ನಿಜ ಹೇಳಲೇ — ನನಗೆ ಸಮಾಧಾನವಾಯಿತು. ಇನ್ನು ನಾನೇ ಮುಂದೆ ಎಂದು! ಉಡುಪಿಯಲ್ಲಿ ಓದಿದೆ, ಮಣಿಪಾಲಕ್ಕೆ ಹೋದೆ, ಕೊನೆಗೆ ಡಾಕ್ಟರೇಟ್‌ಗೆ ಆರಿಸಿಕೊಂಡ ವಿಷಯವಾದರೂ ಯಾವುದು? ಅದೇ ಹೊಳೆಯ ಅದೇ ಮರುವಾಯಿ. ಮರಿಗಳು ಮೊದಲು ನೆಲೆಯೂರುವುದು ಎಲ್ಲಿ ಎಂಬ ಒಂದು ಪ್ರಶ್ನೆ ಹಿಡಿದುಕೊಂಡು ಮೂರು ವರ್ಷ ಕೆಸರು ಜಾಲಿಸಿದೆ. ಸಿಗಲಿಲ್ಲ. ನನ್ನನ್ನು ದೋಣಿಯಲ್ಲಿ ಕೂರಿಸಿ ಹೊಳೆಯಿಡೀ ಸುತ್ತಿಸಿದವಳು ಗುಲಾಬಿಯೇ. ಆದರೂ ಅವಳನ್ನು ಒಮ್ಮೆಯೂ ಕೇಳಲಿಲ್ಲ. ಡಾಕ್ಟರೇಟ್ ಮಾಡುವವಳು ನಾನು, ಅವಳನ್ನು ಕೇಳುವುದೆ?

ಒಂದು ದಿನ ನನ್ನ ಪ್ರೊಫೆಸರ್ ಹೊಳೆ ನೋಡಲು ಬಂದರು. ಅವರು ಘಟ್ಟದ ಮೇಲಿನವರು. ಅವಳ ಬುಟ್ಟಿ, ದೋಣಿ, ಉಬ್ಬರ ಇಳಿತ ಎಂದು ಒಂದು ಗಂಟೆ ಅವಳೊಡನೆಯೇ ಮಾತಾಡಿದರು. ನಾನು ಕೆಸರು ತುಂಬಿದ ಡಬ್ಬಗಳನ್ನು ಹಿಡಿದುಕೊಂಡು ನಿಂತಿದ್ದೆ. ಹೊರಡುವಾಗ ನಗುತ್ತ, "ನಿಮ್ಮ ನಿಜವಾದ ಗೈಡ್ ಇವರೇ ನೋಡಿ" ಎಂದರು. ನಾನೂ ನಕ್ಕೆ. ಮನೆಗೆ ಬಂದರೆ ಊಟ ಸೇರಲಿಲ್ಲ.

ಅದೇ ವರ್ಷ ಆ ಸಮ್ಮೇಳನ ಮಣಿಪಾಲಕ್ಕೆ ಬಂತು. ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ನಡೆಯುವ ಕೂಟ ಅದು — ಸಮುದ್ರವನ್ನು ಓದುವವರು, ಬಂದರು ಕಟ್ಟುವವರು, ಹಡಗಿನವರು, ಮೀನುಗಾರಿಕೆಯವರು, ಎಲ್ಲರೂ ಕೊರಳಲ್ಲಿ ಹೆಸರಿನ ಚೀಟಿ ನೇತುಹಾಕಿಕೊಂಡು ಮೂರು ದಿನ ಓಡಾಡುತ್ತಾರೆ. ನೀರಿಗೆ ಇಳಿಯುವವರು ಮಾತ್ರ ಇಲ್ಲಿ ಯಾರೂ ಇಲ್ಲವಲ್ಲ ಎಂದು ಆ ಸಲ ಯಾರಿಗೋ ಹೊಳೆಯಿತು. ಗುಲಾಬಿಗೆ ಆಹ್ವಾನ ಹೋಯಿತು. ನನಗೆ? ಗೋಡೆಗೆ ಅಂಟಿಸುವ ಒಂದು ಪೋಸ್ಟರ್, ಅದೂ ಕೈತೊಳೆಯುವ ಜಾಗದ ಪಕ್ಕದಲ್ಲಿ. ಸಾಲದ್ದಕ್ಕೆ, ವೇದಿಕೆಯ ಮೇಲೆ ಅವಳ ತುಳುವನ್ನು ಇಂಗ್ಲಿಷಿಗೆ ಮಾಡಿ ಹೇಳುವ ಕೆಲಸವನ್ನೂ ನನಗೇ ಕೊಟ್ಟರು.

ಅವಳು ಎರಡು ಚೆಂಡು ಮಲ್ಲಿಗೆ ತಂದಿದ್ದಳು. ಒಂದನ್ನು ತಾನು ಮುಡಿದು ಇನ್ನೊಂದನ್ನು ನನಗೆ ಮುಡಿಸಿದಳು. "ಹೆದರಿಕೆ ಆಗ್ತದೆ ಮಾರಾಯ್ತಿ. ನೀನು ಇದ್ದೀಯಲ್ಲ, ಅದೊಂದು ಧೈರ್ಯ" ಎಂದಳು.

ಸಭೆಯಲ್ಲಿದ್ದವರು ಗೋವಾ, ಕೊಚ್ಚಿ, ಚೆನ್ನೈ ಕಡೆಯವರು, ಒಂದಷ್ಟು ಹೊರದೇಶದವರು. ತುಳು ಬಲ್ಲ ನಮ್ಮ ಹುಡುಗಿಯರೆಲ್ಲ ಹೊರಗೆ ಊಟದ ಉಸ್ತುವಾರಿಯಲ್ಲಿದ್ದರು. ಒಳಗಿದ್ದವರು ಒಬ್ಬರೇ — ಮೈಕಿನ ವ್ಯವಸ್ಥೆಗೆ ಬಂದಿದ್ದ ಕಾಪುವಿನ ವಾಸಣ್ಣ. ಗುಲಾಬಿ ಹೆಕ್ಕುವ ಕೆಲಸದ ಬಗ್ಗೆ ನಾಲ್ಕು ಮಾತಾಡಿದಳು, ನಾನು ಸರಿಯಾಗಿಯೇ ಹೇಳಿದೆ. ಆಗ ಮೊದಲ ಸಾಲಿನಿಂದ ಒಬ್ಬ ಹಿರಿಯ ಸಂಶೋಧಕಿ ಕೈಯೆತ್ತಿದರು. ಕರಾವಳಿಯ ಹೊಳೆಗಳಲ್ಲಿ ಎಲ್ಲೆಲ್ಲಿ ಮರಳು ತೆಗೆಯಬಾರದು ಎಂದು ನಕ್ಷೆ ಮಾಡುತ್ತಿದ್ದ ತಂಡದವರು ಅವರು. ಪುಸ್ತಕ ಬಿಚ್ಚಿ, ಪೆನ್ನು ಹಿಡಿದು ಕೇಳಿದರು: ಮರಿಗಳು ಮೊದಲು ಎಲ್ಲಿ ನೆಲೆಯೂರುತ್ತವೆ, ಇವರಿಗೆ ಗೊತ್ತೆ?

ನನ್ನ ಮೂರು ವರ್ಷದ ಪ್ರಶ್ನೆ. ಅದನ್ನು ತುಳುವಿನಲ್ಲಿ ಅವಳಿಗೆ ಹೇಳಿದೆ. ಗುಲಾಬಿಯ ಮುಖ ಅರಳಿತು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಈ ಸಲವಾದರೂ ಒಂದು ಮಾತೂ ಬಿಡದೆ —

"ಗೊತ್ತುಂಟು. ಅಳಿವೆಯಿಂದ ಒಳಗೆ ಬರುವಾಗ ಬಲಕ್ಕೆ ಉಪ್ಪುನೀರಲ್ಲೇ ಬೇರುಬಿಟ್ಟ ಕಾಂಡ್ಲ ಗಿಡಗಳು ಉಂಟಲ್ಲ, ಅದರ ಎದುರಿನ ಮರಳು ದಿಬ್ಬ. ಮಳೆ ನಿಂತು ನೀರು ಪುನಃ ಉಪ್ಪಾಗುವಾಗ ಅಲ್ಲಿ ಕಾಲಿಟ್ಟರೆ ರಾಗಿ ಚೆಲ್ಲಿದ ಹಾಗೆ ತಾಗ್ತದೆ. ಅದೇ ಮರಿ. ಆ ಎರಡು ತಿಂಗಳು ನಾವು ಹೆಂಗಸರು ಯಾರೂ ಅಲ್ಲಿಗೆ ಇಳಿಯುವುದಿಲ್ಲ, ದೋಣಿಯನ್ನೂ ಸುತ್ತು ಹಾಕಿ ತರುವುದು. ಅಜ್ಜಿಯ ಕಾಲದಿಂದ ಹಾಗೆಯೇ. ಈಗ ಅಲ್ಲಿಂದ ಮರಳು ತೆಗೀಬೇಕು ಅಂತ ಬಂದಿದ್ದಾರೆ. ಬೇರೆ ಎಲ್ಲಿಂದ ಬೇಕಾದ್ರೂ ತೆಗೀಲಿ, ಆ ದಿಬ್ಬ ಒಂದು ಬಿಡಲಿಕ್ಕೆ ಇವರಿಗೆ ಹೇಳು. ಬರುವುದಾದರೆ ನಾನೇ ಕರ್ಕೊಂಡು ಹೋಗಿ ತೋರಿಸ್ತೇನೆ."

ದೋಣಿಯನ್ನು ಸುತ್ತು ಹಾಕಿ — ಹೌದು, ನನ್ನನ್ನು ಕೂರಿಸಿಕೊಂಡಾಗಲೂ ಅವಳು ಆ ದಿಬ್ಬವನ್ನು ಬಳಸಿಯೇ ಹೋಗುತ್ತಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ. ನನ್ನ ಮೂರು ವರ್ಷವನ್ನು ಅವಳು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ಆ ಹೆಂಗಸಿನ ಪೆನ್ನು ಕಾಯುತ್ತಿತ್ತು. ಆ ಪೆನ್ನು ಗುಲಾಬಿಯ ಹೆಸರು ಬರೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡೆ.

"ಅವರಿಗೆ ಗೊತ್ತಿಲ್ಲವಂತೆ" ಎಂದೆ. "ಎಲ್ಲ ದೇವರು ಕೊಟ್ಟದ್ದು. ಈಚೆಗೆ ಮರುವಾಯಿ ಕಡಿಮೆಯಾಗಿ ಜೀವನ ಬಹಳ ಕಷ್ಟವಾಗಿದೆ ಎನ್ನುತ್ತಾರೆ."

ಆಕೆ ಪುಸ್ತಕ ಮುಚ್ಚಿದರು. ಸಭೆಯ ಮುಖಗಳಲ್ಲಿ ಅಯ್ಯೋ ಪಾಪ ಎನ್ನುವ ಭಾವ ಬಂತು, ಆಮೇಲೆ ಜೋರಾಗಿ ಚಪ್ಪಾಳೆ. ಗುಲಾಬಿ ಎದ್ದು ನಿಂತು ಎಲ್ಲರಿಗೂ ಕೈಮುಗಿದಳು.

ವಾಸಣ್ಣ ವಯರು ಸುತ್ತುತ್ತ, ನನ್ನ ಮುಖ ನೋಡದೆ, "ಅವರು ಹೇಳಿದ್ದು ಸುಮಾರು ಉದ್ದ ಇತ್ತಲ್ವಾ ಮೇಡಂ?" ಎಂದರು. ಟೈಮ್ ಇರಲಿಲ್ಲ ಎಂದೆ. ಗುಲಾಬಿಗೂ ಅದೇ ಸೋಜಿಗ. "ಇಂಗ್ಲಿಷಿನಲ್ಲಿ ಅಷ್ಟೇಯಾ? ನಾನು ಅಷ್ಟುದ್ದ ಹೇಳಿದ್ದು ನೀನು ಎರಡೇ ಮಾತಿನಲ್ಲಿ ಮುಗಿಸಿದಿ. ಓದಿದವರ ಚುರುಕು ಅಂದ್ರೆ ಅದು" ಎಂದು ನನ್ನ ಬೆನ್ನು ತಟ್ಟಿದಳು.

ಸರಿಮಾಡಬಹುದಿತ್ತು. ಮರುದಿನ ಊಟದ ಸಾಲಿನಲ್ಲಿ ಆ ಸಂಶೋಧಕಿ ನನ್ನ ಮುಂದೆಯೇ ತಟ್ಟೆ ಹಿಡಿದು ನಿಂತಿದ್ದರು. ನಾನು ಸಾಲು ಬಿಟ್ಟು ಹೋದೆ. ಆಮೇಲೆ ನಕ್ಷೆ ಬಂತು, ಅದರಲ್ಲಿ ಆ ದಿಬ್ಬ ಇರಲಿಲ್ಲ. ಮುಂದಿನ ಬೇಸಗೆಗೆ ಹೊಳೆಯಲ್ಲೂ ಇರಲಿಲ್ಲ. ನಾನು ಹೇಳಿದ್ದರೆ ಉಳಿಯುತ್ತಿತ್ತೇ — ಆ ಪ್ರಶ್ನೆಯ ಹಿಂದೆ ಅಡಗಿಕೊಂಡೇ ಇಷ್ಟು ವರ್ಷ ಕಳೆದೆ. ಉಳಿಯುತ್ತಿತ್ತೋ ಇಲ್ಲವೋ, ನಾನು ಹೇಳಲಿಲ್ಲ.

ಈಗ ಗುಲಾಬಿ ಮುಂಜಾನೆಯ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಕಾರ್ಕಳದಲ್ಲಿ ಇಳಿದು, ನಿಟ್ಟೆಯ ಒಂದು ಹಾಸ್ಟೆಲಿನ ಅಡುಗೆಮನೆಗೆ ಹೋಗುತ್ತಾಳೆ. ಆ ಕಾಲುಗಳು ದಿನವಿಡೀ ಟೈಲ್ಸಿನ ಮೇಲೆ ನಿಂತಿರುತ್ತವೆ. ಮರುವಾಯಿಯ ಮಾತು ಬಂದಾಗಲೆಲ್ಲ ನನಗೇ ಸಮಾಧಾನ ಹೇಳುತ್ತಾಳೆ: "ನೀನು ಹೇಳಿದ್ದಿ, ಅವರು ಕೇಳಲಿಲ್ಲ. ನೀನು ಎಂತ ಮಾಡುವುದು?" ಆ ದಿನದ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಅದನ್ನು ಕಂಡರೆ — ಹೇಳಲು ನಾಚಿಕೆಯಾಗುತ್ತದೆ — ಇಷ್ಟೆಲ್ಲ ಆದ ಮೇಲೂ ಹೊಟ್ಟೆಯೊಳಗೆ ಒಂದು ಉರಿ ಏಳುತ್ತಿತ್ತು. ಚಪ್ಪಾಳೆ ಅವಳಿಗೆ ಅಲ್ಲವೇ ಬಿದ್ದದ್ದು!

ಈ ವರ್ಷದ ಸಮ್ಮೇಳನದಲ್ಲಿ ಮಾತಾಡಲು ನನ್ನನ್ನು ಕರೆದಿದ್ದಾರೆ. ವಿಷಯ: ಮೀನುಗಾರರ ಅರಿವು. ದೇವರಿಗೂ ತಮಾಷೆ ಗೊತ್ತು. ಅವಳ ಉತ್ತರವನ್ನು ಅಲ್ಲಿ ಇಡಿಯಾಗಿ ಓದುತ್ತೇನೆ, ಅದನ್ನು ನುಂಗಿದವಳು ನಾನೇ ಎಂಬುದನ್ನೂ. ಆದರೆ ಆ ಸಭೆಗಿಂತ ಮೊದಲು ಅವಳಿಗೆ ಹೇಳಬೇಕಿತ್ತು. ಕಳೆದ ಭಾನುವಾರ ಅವಳ ಮನೆಗೆ ಹೋಗಿ ಹೇಳಿದೆ, ಎಲ್ಲವನ್ನೂ.

ಅವಳು ಬೈಯಲಿಲ್ಲ. ಕೇಳಿದ್ದು ಒಂದೇ. "ಹಾಗಾದ್ರೆ ಅವರೆಲ್ಲ ಚಪ್ಪಾಳೆ ತಟ್ಟಿದ್ದು ಎಂತಕ್ಕೆ?"

"ಪಾಪ ಅಂತ" ಎಂದೆ. ಇದನ್ನಾದರೂ ಸರಿಯಾಗಿ ಹೇಳಬೇಕಿತ್ತು.

ಅವಳು ಒಳಗೆ ಹೋಗಿ ಗೋಡೆಯಿಂದ ಫೋಟೋ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ನನ್ನ ಕೈಗೆ ಕೊಟ್ಟಳು. "ಇದು ನನ್ನದಲ್ಲ. ನೀನೇ ಇಟ್ಟುಕೋ."

ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಅದರಲ್ಲಿ ಗುಲಾಬಿ ಕೈಮುಗಿದು ನಿಂತು ನಗುತ್ತಿದ್ದಾಳೆ. ಪಕ್ಕದಲ್ಲಿ ಅವಳು ಮುಡಿಸಿದ ಮಲ್ಲಿಗೆ ಮುಡಿದುಕೊಂಡು ನಾನೂ ಚಪ್ಪಾಳೆ ತಟ್ಟುತ್ತಿದ್ದೇನೆ.