ಬಾವಿಯ ಮೇಲೆ ಕುರ್ಚಿ ಹಾಕಿ ಕೂತವರು

“ಕೇಳಿದ್ಯೇನೇ? ಮೇಡಂ ತಮ್ಮ ಬೀಳ್ಕೊಡುಗೆ ಸಭೆನ ತಾವೇ ರದ್ದು ಮಾಡ್ಬಿಟ್ರಂತೆ!”

“ಸುಮ್ನಿರೇ! ಯಾಕಂತೆ?”

“ಹೊಳೆ ಉಕ್ಕಿದೆಯಲ್ಲ, ಸಭೆ ಮಾಡ್ಬೇಕಿದ್ದ ಹಾಲ್ ತುಂಬ ಮನೆ ಮುಳುಗಿದೋರು ಇದಾರೆ. ‘ಮಲಗಿರೋ ಮಕ್ಕಳನ್ನ ಎಬ್ಬಿಸಿ ನನ್ನ ಹೊಗಳ್ತೀರಾ?’ ಅಂತ ಎಲ್ಲರ ಮುಂದೇನೇ ಜಾಡಿಸಿದ್ರಂತೆ.”

ನರ್ಸಿಂಗ್ ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ಹೀಗೆ ಹಬ್ಬಿದ ಸುದ್ದಿ ‘ಕುರ್ಚಿ ಮೇಡಂ’ ಅವರದು. ನೆರೆ, ಬಿರುಗಾಳಿಗಳಿಗೆ ಮನೆ ಕಳೆದುಕೊಂಡವರ ಶಿಬಿರದೊಳಗೆ ರೋಗ ಕಾಲಿಡದಂತೆ ಕಾಯುವ ಕೆಲಸದಲ್ಲಿ ಈ ಆರೋಗ್ಯಾಧಿಕಾರಿಗೆ ಸಾಟಿಯಾದವರನ್ನು ಆರೋಗ್ಯ ಇಲಾಖೆ ಕಂಡಿಲ್ಲ. ನಮ್ಮಂಥ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶಿಬಿರದ ಕೆಲಸವನ್ನು ಬೈದು ಬೈದೇ ಕಲಿಸಿದವರೂ ಅವರೇ.

ಆ ಅಡ್ಡಹೆಸರು ಅವರಿಗೆ ಅಂಟಿಕೊಂಡದ್ದು ಸೇವೆಗೆ ಸೇರಿದ ಹೊಸತರಲ್ಲಿ. ಶಾಲೆಯೊಂದರಲ್ಲಿ ನೆರೆ ಸಂತ್ರಸ್ತರ ಶಿಬಿರ. ಹುರುಪಿನ ನೀರುಗಂಟಿ, ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು, ಟ್ಯಾಂಕಿಗೆ ಎರಡು ಪಾಲು ಬ್ಲೀಚಿಂಗ್ ಪೌಡರ್ ಸುರಿದುಬಿಟ್ಟ. ನೀರು ಮೂಗಿಗೆ ಹೊಡೆಯಿತು. ಬಾಯಿಗಿಟ್ಟವರೆಲ್ಲ ಉಗುಳಿ, ಕೊಡ ಹಿಡಿದು ಹಿತ್ತಲ ಬಾವಿಯತ್ತ ನಡೆದರು. ಆ ಬಾವಿಗೆ ಕಕ್ಕಸಿನ ಗುಂಡಿಗಳನ್ನೆಲ್ಲ ತೊಳೆದುಕೊಂಡು ಬಂದ ನೆರೆನೀರು ನುಗ್ಗಿತ್ತು. ಮೇಡಂ ನೀರುಗಂಟಿಯನ್ನು ಬೈಯಲಿಲ್ಲ. ಟ್ಯಾಂಕ್ ಖಾಲಿ ಮಾಡಿ, ಸರಿಯಾದ ಅಳತೆಯ ಪೌಡರ್ ಹಾಕಿ ಹೊಸದಾಗಿ ತುಂಬಿಸಲು ಹೇಳಿದರು. ಬಾವಿಯ ಬಾಯಿಗೆ ಹಲಗೆ ಹಾಸಿ, ಅದರ ಮೇಲೆ ಕುರ್ಚಿಯಿಟ್ಟು, ಕೂತೇಬಿಟ್ಟರು.

ಶಿಬಿರದ ಉಸ್ತುವಾರಿ ಸಾಹೇಬರು ಓಡಿಬಂದರು. “ಏಳ್ರಿ ಮೇಡಂ, ಜನ ಬಾಯಾರಿ ಬೈತಿದಾರೆ.”

“ಬೈಲಿ ಸಾರ್. ಬೈಯೋಕಾದ್ರೂ ಜೀವ ಇರುತ್ತಲ್ಲ.”

“ಎತ್ತಂಗಡಿ ಮಾಡಿಸ್ತೀನಿ!”

“ಕುರ್ಚಿ ಸಮೇತ ಎತ್ತಿಸ್ಬೇಕಾಗುತ್ತೆ. ನಾನು ಸ್ವಲ್ಪ ತೂಕ.”

ಖಾಲಿ ಕೊಡದ ಅಜ್ಜಿಯೊಬ್ಬರು ಮುಂದೆ ಬಂದು, “ಆ ಟ್ಯಾಂಕಿನ ನೀರು ಗಬ್ಬು ನಾರುತ್ತೆ ಕಣವ್ವಾ” ಎಂದಾಗ ಮಾತ್ರ ಮೇಡಂ ದನಿ ಇಳಿಯಿತು.

“ಗೊತ್ತಜ್ಜಿ, ತಪ್ಪು ನಮ್ದೇ. ಹೊಸ ನೀರು ತುಂಬ್ತಿದೆ. ಮೊದಲ ಲೋಟ ನಾನೇ ಕುಡಿತೀನಿ.”

ಎಲ್ಲರೆದುರು ಕುಡಿದರು. ಎರಡನೆಯ ಲೋಟ ಅಜ್ಜಿಯದು. ಆಮೇಲೆ ಸಾಲು ತಾನಾಗಿ ಟ್ಯಾಂಕಿನತ್ತ ತಿರುಗಿತು. ಆ ಶಿಬಿರದಲ್ಲಿ ಒಬ್ಬರಿಗೂ ವಾಂತಿಭೇದಿ ತಾಗಲಿಲ್ಲ. ಸಾಹೇಬರೂ ಮಾತಿಗೆ ತಪ್ಪಲಿಲ್ಲ, ಎತ್ತಂಗಡಿ ಮಾಡಿಸಿದರು. ಜೀಪಿನ ನೆತ್ತಿಯ ಮೇಲೆ ಕುರ್ಚಿಯೂ ಹೊರಟಿತು. ಮುಂದೆ ಎಷ್ಟು ಶಿಬಿರಗಳಾದವೋ, ಎಷ್ಟು ಎತ್ತಂಗಡಿಗಳಾದವೋ, ಮೊದಲ ಲೋಟ ಮಾತ್ರ ಎಂದೂ ಬೇರೆಯವರ ಪಾಲಾಗಲಿಲ್ಲ.

ಮೊನ್ನೆ ಹೊಸ ಅಧಿಕಾರಿ ನಯವಾಗಿಯೇ ಹೇಳಿದರು: “ನಾಳೆಯಿಂದ ನೀವು ನಿವೃತ್ತರು ಮೇಡಂ. ಈ ಹಾಲ್‌ನ ಜನರನ್ನ ನಾವು ನೋಡ್ಕೋತೀವಿ.”

“ನಿವೃತ್ತಿ ನನಗಪ್ಪಾ, ಕಾಲರಾಕ್ಕಲ್ಲ.”

ಈ ಹಟ ನೂರು ವರ್ಷ ಬಾಳಲಿ. ಅದರ ಬೈಗುಳ ತಿನ್ನುವ ಭಾಗ್ಯ ನಮ್ಮ ನಂತರದ ವಿದ್ಯಾರ್ಥಿಗಳಿಗೂ ಸಿಗಲಿ. ಇಷ್ಟು ಬರೆಯುವಷ್ಟರಲ್ಲಿ ಹಾಸ್ಟೆಲಿನ ಎಲ್ಲ ಫೋನುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು. ಮೇಡಂ ಅವರದೇ ಸಂದೇಶ:

“ನಾಳೆ ಬೆಳಿಗ್ಗೆ ಏಳಕ್ಕೆ ಹಾಲ್ ಹಿಂದಿನ ಟ್ಯಾಂಕ್ ಹತ್ರ ಎಲ್ಲರೂ ಬನ್ನಿ. ಹೂಗುಚ್ಛ ತಂದ್ರೆ ಬೈತೀನಿ, ಬಕೆಟ್ ತನ್ನಿ. ಕುರ್ಚಿ ನಾನೇ ತರ್ತೀನಿ.”