ಮಡಕಿ ಕಾಳಿನ ಸೆಮಿನಾರು

ಅಂದೂ ಬೆಂಗೇರಿಯ ನಮ್ಮ ಮನೆಯಲ್ಲಿ ಬೆಳಗು ಹಾಲಿನವನ ಸೈಕಲ್ ಗಂಟೆಯಿಂದಲೇ ಶುರುವಾಯಿತು. ಅಂಗಳಕ್ಕೆ ನೀರು ಹಾಕಿ, ಚಹಾ ಇಟ್ಟು, ಮೊಳಕೆ ಬರಲೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮಡಕಿ ಕಾಳನ್ನು ಬಿಚ್ಚಿದೆ. ಎಳೆಯ ಬಿಳಿ ಬಾಲಗಳು ಬಂದಿದ್ದವು. ಅರ್ಧ ಪಲ್ಯಕ್ಕೆ ಹಾಕಿದೆ. ಉಳಿದದ್ದನ್ನು ಎದುರುಮನೆಯ ಅಕ್ಕನಿಗೆಂದು ಬಟ್ಟೆಸಮೇತ ಸ್ಟೀಲ್ ಡಬ್ಬಿಯಲ್ಲಿಟ್ಟೆ.

ನಾದಿನಿ ಆಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಂದು ಆಕೆಯ ಸೆಮಿನಾರು. ಚೆನ್ನಾಗಿ ಆದರೆ ಪಾಠ ಹೇಳುವ ಮೇಡಂ ಆಕೆಯನ್ನು ಪಿಎಚ್‌ಡಿಗೆ ತೆಗೆದುಕೊಳ್ಳುವವರಿದ್ದರು. ಇಲ್ಲವಾದರೆ ಹೆಬ್ಬಳ್ಳಿಯ ವರ ನೋಡಲು ಬರಲಿ ಎಂದು ಅತ್ತೆಯವರ ಕರಾರು.

ನಾನು ಜಡೆ ಹಾಕುತ್ತಿದ್ದರೆ ಆಕೆ ಪಾಠ ಒಪ್ಪಿಸುತ್ತಿದ್ದಳು. ಎಚ್‌ಐವಿ ವೈರಸ್ಸು ರೋಗದೊಡನೆ ಹೋರಾಡುವ ಜೀವಕೋಶದೊಳಗೇ ಹೊಕ್ಕು, ಅದರ ಜೀನುಗಳ ನಡುವೆ ತನ್ನವನ್ನು ಸೇರಿಸಿ, ವರ್ಷಗಟ್ಟಲೆ ಸುಮ್ಮನಿರುತ್ತದಂತೆ. ಕೆಲವು ಔಷಧ ಬಿದ್ದರೆ ಆ ಜೀನುಗಳು ಎದ್ದು ಕೆಲಸ ಶುರುಮಾಡುತ್ತವೆ, ಇನ್ನು ಕೆಲವಕ್ಕೆ ಮತ್ತಷ್ಟು ಅಡಗುತ್ತವೆ. ಕಾನ್ವೆಂಟಿನ ಸಿಸ್ಟರ್ ತೋರಿಸಿದ ಉಳ್ಳಾಗಡ್ಡಿ ಸಿಪ್ಪೆಯ ಕೋಶದಾಚೆ ನಾನು ಹೋದವಳಲ್ಲ.

"ಅಲ್ಲವ್ವಾ, ಸುಮ್ನ ಮಲಗಿದ್ದನ್ನ ಯಾಕ ಎಬ್ಬಸ್ಬೇಕು?" ಎಂದೆ.

"ಅದೊಂದು ಕೇಳಬ್ಯಾಡ್ರಿ ವೈನಿ. ಅಲ್ಲೇ ನನ್ನ ಬಾಯಿ ಕಟ್ತೈತಿ!"

ಬಸ್ಸು ತಪ್ಪೀತೆಂದು ಡಬ್ಬಿಯನ್ನು ಚೀಲಕ್ಕೆ ತುರುಕಿ ಓಡಿದಳು. ಚಹಾದ ಕಪ್ಪು ಎತ್ತುವಾಗ ನೋಡುತ್ತೇನೆ, ರೊಟ್ಟಿ ಪಲ್ಯದ ಡಬ್ಬಿ ಕಟ್ಟೆಯ ಮೇಲೆಯೇ ಕೂತಿದೆ. ಆಕೆ ಒಯ್ದದ್ದು ಹಸಿ ಕಾಳು! ಹಸಿದ ಹೊಟ್ಟೆಯಲ್ಲಿ ಏನು ಮಾತಾಡಿಯಾಳು ಎಂದು ಇಡೀ ದಿನ ನನಗೆ ಅದೇ ಚಿಂತೆ.

ಸಂಜೆ ಗೇಟಿನಿಂದಲೇ ಆಕೆಯ ನಗು ಕೇಳಿಸಿತು.

"ವೈನಿ, ಹೊರಗಿಂದ ಬಂದಿದ್ದ ಸರ್ ನಿಮ್ಮ ಪ್ರಶ್ನಿನ ಕೇಳಿದ್ರು! ಬಾಯಿ ಒಣಗಿತು. ನೀರಿನ ಬಾಟ್ಲಿಗಿ ಚೀಲಕ್ಕ ಕೈ ಹಾಕಿದ್ರ ಈ ಡಬ್ಬಿ ಸಿಕ್ತು. ಸೀದಾ ಟೇಬಲ್ ಮ್ಯಾಲಿಟ್ಟು ಮುಚ್ಚಳ ತಗದೆ. 'ಸರ್, ಒಣಗಿದ್ದಾಗ ಯಾವ ಕಾಳಿನ್ಯಾಗ ಜೀವ ಐತಿ ಅಂತ ಗೊತ್ತಾಗ್ತಿತ್ತೇನ್ರಿ? ನೀರು ಬಿದ್ದ ಮ್ಯಾಲೆ ಬಾಲ ತೋರಿಸ್ಯಾವ. ವೈರಸ್ಸೂ ಹಂಗ. ಎದ್ದರಷ್ಟ ಯಾವ ಕೋಶದಾಗ ಅಡಗೇತಿ ಅಂತ ತಿಳೀತೈತಿ, ತಿಳಿದ್ರಷ್ಟ ಕೊಲ್ಲಾಕ ಆಗ್ತೈತಿ. ಎಬ್ಬಸೂ ಮುಂದ ಬ್ಯಾರೆ ಕೋಶಕ್ಕ ದಾಟದಂಗ ಇನ್ನೊಂದು ಔಷಧ ಕಾವಲಿರಬೇಕು' ಅಂದೆ."

"ಆಮ್ಯಾಲೆ?"

"ಮೇಡಂ ನಕ್ಕೋತ, 'ಜೂನ್‌ನ್ಯಾಗ ಬಂದು ಸೇರ್ಕೊ' ಅಂದ್ರು! ಕಾಳು ಮಾತ್ರ ಎಲ್ಲಾರೂ ಬಾಯಾಡಿಸಿ ಖಾಲಿ ಮಾಡಿದ್ರು."

ಅತ್ತೆ ಒಳಗೆ ಹೋದರು. ಸಕ್ಕರೆ ತಂದು ಮಗಳ ಬಾಯಿಗೆ ಹಾಕಿ, "ಹೆಬ್ಬಳ್ಳಿಯವ್ರಿಗೆ ಈಗ ಬ್ಯಾಡ ಅಂತ ನಾನ ಹೇಳ್ತೇನಿ," ಎಂದರು. ನಾದಿನಿ ಅಲ್ಲಿಯೇ ಅವರ ಕಾಲಿಗೆ ಬಿದ್ದಳು. ಎದ್ದವಳೇ ನನ್ನ ಕೈ ಹಿಡಿದು ಗಿರಗಿರನೆ ತಿರುಗಿಸಿದಳು. ಅತ್ತೆಯ ಕೈಲಿದ್ದ ಸಕ್ಕರೆಯೆಲ್ಲ ಚೆಲ್ಲಿ ನನ್ನ ಸೆರಗಿನ ತುಂಬ.

ಅಷ್ಟರಲ್ಲಿ ಎದುರುಮನೆಯ ಅಕ್ಕ ಖಾಲಿ ಬಟ್ಟಲು ಹಿಡಿದು ಬಂದರು, ಬೆಳಿಗ್ಗೆ ನಾನು ಕೊಡಲೊಪ್ಪಿದ್ದ ಕಾಳಿಗೆ. ನಡೆದದ್ದನ್ನೆಲ್ಲ ಹೇಳಿದೆವು. ಬಟ್ಟಲನ್ನು ಒಮ್ಮೆ ನೋಡಿಕೊಂಡು ಅವರು ಮೆಟ್ಟಿಲಿಳಿಯುತ್ತ ಅಂದರು:

"ನನ್ನ ಪಲ್ಯಾದ ಕಾಳಿಗೆ ಪಿಎಚ್‌ಡಿ ಸಿಕ್ತು ಅನ್ರಿ. ಇರ್ಲಿ, ಇವತ್ತ ಬರೇ ಚಟ್ನಿ ತಿಂತೇವಿ. ನಾಳಿಗಿ ಒಂದೀಟು ಹೆಚ್ಚಿಗಿ ನೆನಿಹಾಕ್ರಿ."